ಕಾಕುವಿನ ಕಂತು ಮತ್ತು ನನ್ನ ಹೊಸ ಕ್ಯಾಲ್ಕುಲೇಟರ್

ಹೋದ ಮಂಗಳವಾರ ನಾನು ಹೇಳಿದ ಒಂದು ಅಂಕಿಯನ್ನು ನಂಬಿ ನನ್ನ ಕಾಕು ಮನೆ ಅಡವಿಡಲು ಹೊರಟಿದ್ದಳು. ಅಂಕಿ ತಪ್ಪಾಗಿತ್ತು.

ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ. ಝಳಕಿಯ ಹೆದ್ದಾರಿ ಧಾಬಾಗಳಿಗೆ ಜೋಳದ ರೊಟ್ಟಿ ಮಾಡಿಕೊಡುವುದು ಅವಳ ವ್ಯವಹಾರ. ಆರ್ಡರ್ ಹೆಚ್ಚಿತು; ಹಿಟ್ಟು ಕಲಸಲೊಂದು, ರೊಟ್ಟಿ ಒತ್ತಲೊಂದು ಮಷೀನ್ ಬೇಕಾದವು. ಅದಕ್ಕೆ ಐದು ಲಕ್ಷ ಸಾಲ. ಮನೆ ಬರೆದುಕೊಟ್ಟರೆ ಐದು ವರ್ಷಕ್ಕೆ ಕೊಡುತ್ತೇವೆಂದು ಪತ್ತಿನ ಸಂಘದವರು ಒಪ್ಪಿದ್ದರು.

‘ತಿಂಗಳಿಗೆ ಒಂಬತ್ತು ಸಾವಿರದ ಮ್ಯಾಲ ನನ್ನ ಕೈಲೆ ಆಗೂದಿಲ್ಲ. ಕಂತು ಎಷ್ಟು ಬರತೈತಿ, ನೀ ಹೇಳು’ ಎಂದಳು.

ನಾನು ಎಂ.ಕಾಂ. ಓದಿ ಇಂಡಿ ಪಟ್ಟಣದ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿದ್ದೇನೆ. ಸಾಲದ ಲೆಕ್ಕ ಮಾಡುವ ಕ್ಯಾಲ್ಕುಲೇಟರ್ ಒಂದು ಕೊಳ್ಳಬೇಕೆಂದು ಬಹಳ ದಿನದಿಂದ ಇತ್ತು. ನೆಪ ಸಿಕ್ಕಿತು.

ಆ್ಯಪ್ ಇಲ್ಲವೇ ಎನ್ನುತ್ತೀರಾ? ಇವೆ. (ಉತ್ತರ ಕೊಡುವ ಮೊದಲು ನನ್ನ ಫೋನ್ ನಂಬರ್ ಕೇಳುತ್ತವೆ. ಸಂಜೆಗೆ ಯಾರೋ ಕರೆ ಮಾಡಿ ಸಾಲ ಬೇಕೇ ಎನ್ನುತ್ತಾರೆ.)

ಸ್ಟೇಷನರಿ ಅಂಗಡಿಯವರು ದೊಡ್ಡ ಗುಂಡಿಗಳ ಮಾಮೂಲಿ ಕ್ಯಾಲ್ಕುಲೇಟರ್ ಮುಂದಿಟ್ಟರು. ‘ಮಾರ್ಕೆಟ್ಟಿನ ಅಡತಿ ಅಂಗಡ್ಯಾವ್ರೆಲ್ಲಾ ಇದನ್ನ ಒಯ್ತಾರ್ರಿ ಮೇಡಂ. ಕೆಳಗ ಬಿದ್ರೂ ಏನೂ ಆಗೂದಿಲ್ಲ.’

‘ಇದರಾಗ ಸಾಲದ ಕಂತು ಬರ್ತೈತೇನ್ರಿ?’

‘ಕಂತು ಸಾಲಾ ಕೊಡೋರು ಹೇಳ್ತಾರ್ರಿ. ನೀವ್ಯಾಕ ತಲಿ ಕೆಡಿಸ್ಕೋತೀರಿ?’

ಕಷ್ಟ ಇರುವುದೇ ಅಲ್ಲಿ, ಅಲ್ಲವೇ?

ನನಗೆ ಬೇಕಾದದ್ದು ಬೇರೆ. ಸಾಲದ ಮೊತ್ತ, ಬಡ್ಡಿದರ, ಅವಧಿ, ಕಂತು. ಈ ನಾಲ್ಕರಲ್ಲಿ ಯಾವ ಮೂರನ್ನು ಕೊಟ್ಟರೂ ಉಳಿದ ಒಂದನ್ನು ಅದು ಹೇಳಬೇಕು. ಮೂರು ಸಂಜೆ ಮಾಡೆಲ್‌ಗಳನ್ನು ಹೋಲಿಸಿ, ವಿಮರ್ಶೆಗಳನ್ನೆಲ್ಲ ಓದಿ, ಆನ್‌ಲೈನ್‌ನಲ್ಲಿ ತರಿಸಿದೆ. ಅದರ ಜೊತೆ ಬಂದ ಪುಸ್ತಿಕೆಯೊಂದನ್ನು ಮಾತ್ರ ಓದಲಿಲ್ಲ.

ಮಂಗಳವಾರ ಝಳಕಿಗೆ ಹೋಗಿ ಕಾಕುವಿನ ಅಡುಗೆಮನೆಯಲ್ಲಿ ಕುಳಿತೆ.

‘ಬಡ್ಡಿ ಎಷ್ಟು?’

‘ನೂರಕ್ಕ ಒಂದ್ರೂಪಾಯಿ.’

ಐದು ಲಕ್ಷ. ಅರವತ್ತು ತಿಂಗಳು. ಬಡ್ಡಿ ಒಂದು. ಕಂತು: 8,547.

‘ಒಂಬತ್ತರ ಒಳಗ ಬಂತು ನೋಡು!’ ಕಾಕು ಹಿಟ್ಟಿನ ಕೈ ತೊಳೆದುಕೊಂಡು ಟ್ರಂಕ್ ತೆಗೆದಳು. ಮನೆಯ ಕಾಗದಪತ್ರ ಹೊರಗೆ ಬಂತು. ಮರುದಿನವೇ ಸಹಿ ಎಂದು ತೀರ್ಮಾನವಾಯಿತು. ಮತ್ತೆ ರೊಟ್ಟಿ ಬಡಿಯಲು ಕುಳಿತಳು.

ಎರಡು ರೊಟ್ಟಿ ಆದವು. ಮೂರನೆಯದರ ನಡುವೆ ಕೈ ನಿಂತಿತು.

‘ಯವ್ವಾ, ಐದು ಲಕ್ಷಕ್ಕ ಮೊದಲನೇ ತಿಂಗಳ ಬಡ್ಡೀನ ಐದು ಸಾವಿರ ಆತಲ್ಲ. ಬರೀ ಅಸಲು ಅರವತ್ತು ತಿಂಗಳಿಗೆ ಹಂಚಿದ್ರೂ ಎಂಟು ಸಾವಿರ ದಾಟತೈತಿ. ನಿನ್ನ ಮಷೀನು ಎಂಟೂವರಿ ಅಂತೈತಿ. ಬಡ್ಡಿ ಯಾರು ಮಾಫ್ ಮಾಡಿದ್ರು?’

ನಾನು ಪುಸ್ತಿಕೆ ತೆರೆದೆ. ಬಡ್ಡಿಯನ್ನು ವರ್ಷದ ಲೆಕ್ಕದಲ್ಲಿ ಕೊಡಬೇಕು ಎಂದು ಮೂರನೇ ಪುಟದಲ್ಲೇ ಇತ್ತು. ನಮ್ಮ ಕಡೆ ಒಂದು ರೂಪಾಯಿ ಬಡ್ಡಿ ಎಂದರೆ ತಿಂಗಳಿಗೆ ಒಂದು ರೂಪಾಯಿ, ವರ್ಷಕ್ಕೆ ಹನ್ನೆರಡು. ಇದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಹುಟ್ಟಿದಾಗಿನಿಂದ ಕೇಳಿದ್ದನ್ನು ಕೇಳಿದಂತೆಯೇ ಒತ್ತಿದ್ದೆ, ಅಷ್ಟೆ.

ಹನ್ನೆರಡು ಒತ್ತಿದೆ. 11,122.

ಕಾಕು ಮೂರನೇ ರೊಟ್ಟಿಯನ್ನು ಹಂಚಿಗೆ ಹಾಕಿದಳು. ‘ಎಂ.ಕಾಂ. ಎಷ್ಟು ವರ್ಷದ್ದು?’

‘ಎರಡು.’

‘ಇನ್ನೊಂದು ವರ್ಷ ಇಡಬೇಕಿತ್ತು.’

ತಿಂಗಳಿಗೆ ಎರಡು ಸಾವಿರಕ್ಕೂ ಮೇಲೆ ಕಡಿಮೆ ಬಿದ್ದಿದ್ದರೆ ಎಷ್ಟು ಕಂತು ತಪ್ಪುತ್ತಿದ್ದವು? ಮನೆ ಯಾರದಾಗುತ್ತಿತ್ತು? ಆ ಲೆಕ್ಕ ನಾನು ಮಾಡಲಿಲ್ಲ.

ಬದಲಿಗೆ ಕ್ಯಾಲ್ಕುಲೇಟರಿಗೆ ಪ್ರಶ್ನೆಯನ್ನು ತಿರುಗಿಸಿ ಹಾಕಿದೆ. ತಿಂಗಳಿಗೆ ಒಂಬತ್ತು ಸಾವಿರ ಕಟ್ಟಿದರೆ ಐದು ವರ್ಷದಲ್ಲಿ ಎಷ್ಟು ಸಾಲ ತೀರುತ್ತದೆ? ನಾಲ್ಕು ಲಕ್ಷ ನಾಲ್ಕೂವರೆ ಸಾವಿರ ಎಂದಿತು. ಇದನ್ನು ಕೇಳಲೆಂದೇ ಅಲ್ಲವೇ ಇಂಥದ್ದನ್ನು ಕೊಂಡದ್ದು!

ಕಾಕು ಈ ಸಲ ಬಾಯಿಲೆಕ್ಕದಲ್ಲಿ ತಾಳೆ ನೋಡಿ ತಲೆಯಾಡಿಸಿದಳು. ‘ಹಾಂಗಾದ್ರ ನಾಕು ಲಕ್ಷ ಸಾಕು. ಹಿಟ್ಟು ಕಲಸೂ ಮಷೀನು ಬ್ಯಾಡ. ಕಲಸಾಕ ಕೈ ಅದಾವ.’

ಬುಧವಾರ ಸಹಿ ಆಯಿತು. ಕಂತು 8,898. ಸಂಘದವರು ಬರೆದುಕೊಟ್ಟ ಚೀಟಿಯಲ್ಲೂ ಅದೇ ಅಂಕಿ ಇದ್ದದ್ದು ನೋಡಿ ನನ್ನ ಜೀವ ತಣ್ಣಗಾಯಿತು.

ಕ್ಯಾಲ್ಕುಲೇಟರಿಗೆ ಮೂರು ವರ್ಷ ಗ್ಯಾರಂಟಿ ಕೊಟ್ಟಿದ್ದಾರೆ. ಅದನ್ನು ಒತ್ತುವ ಬೆರಳಿಗೆ ಯಾರು ಕೊಡುತ್ತಾರೆ?