ನೀರಿನ ಗೆರೆ ನೋಡಿ ಆರಿಸಿದ ಕಾಲೇಜು

ಆರಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ನಮ್ಮ ಮನೆಯಲ್ಲಿಲ್ಲ. ಬದನೆಕಾಯಿಯ ತೊಟ್ಟು ನೋಡಿಯೇ ಒಳಗೆ ಹುಳವಿದೆಯೋ ಇಲ್ಲವೋ ಹೇಳಬಲ್ಲೆ. ಸೀರೆಯಂಗಡಿಯಲ್ಲಿ ಮೊದಲು ತೆಗೆಸಿದ್ದನ್ನೇ ಕೊನೆಗೆ ಕೊಳ್ಳುತ್ತೇನೆ. ನಡುವೆ ಉಳಿದದ್ದನ್ನೆಲ್ಲ ಬಿಚ್ಚಿಸುವುದು ಅಂಗಡಿಯವರ ಸಮಾಧಾನಕ್ಕೆ. ಗಂಡನನ್ನು ಮಾತ್ರ ನಮ್ಮಪ್ಪ ಆರಿಸಿದರು, ಆ ಜವಾಬ್ದಾರಿ ನನ್ನದಲ್ಲ. ಇಂಥವಳಿಗೆ ಮಗಳಿಗೊಂದು ಆರ್ಕಿಟೆಕ್ಚರ್ ಕಾಲೇಜು ಆರಿಸುವುದು ಯಾವ ಮಹಾ ಕೆಲಸ?

ಮೈತ್ರಿಗೆ ಎರಡು ಕಡೆ ಸೀಟು ಸಿಕ್ಕಿತ್ತು. ಸೋಮವಾರದೊಳಗೆ ಒಂದನ್ನು ಹಿಡಿಯಬೇಕು, ಒಂದನ್ನು ಬಿಡಬೇಕು; ಹಿಡಿದರೆ ಐದು ವರ್ಷ ಅದೇ ಗತಿ. ನೆಂಟರ ಸಲಹೆಗಳಿಗೆ ಬರವಿರಲಿಲ್ಲ. ಒಬ್ಬರು ಲೈಬ್ರರಿ ನೋಡಿ ಎಂದರು, ಇನ್ನೊಬ್ಬರು ಕ್ಯಾಂಟೀನು. ನಮ್ಮ ಭಾವನವರು ವಾಸ್ತು ನೋಡಿ ಎಂದರು. ಕಟ್ಟಡ ಕಟ್ಟುವುದನ್ನು ಕಲಿಸುವ ಜಾಗಕ್ಕೂ ವಾಸ್ತುವೇ ಎಂದು ಕೇಳಿದರೆ, ಅಲ್ಲೇ ಮೊದಲು ನೋಡಬೇಕಂತೆ.

ಆದರೆ ನಾವು ಮದರಾಸಿನಲ್ಲಿ ಮಳೆ ಬಂದರೆ ಮುಳುಗುವ ವೇಲಚೇರಿಯವರು. ನಮ್ಮಲ್ಲಿ ಮನೆ ನೋಡಲು ಹೋದವರು ಅಡುಗೆಮನೆಗಿಂತ ಮೊದಲು ಹೊರಗೋಡೆ ನೋಡುತ್ತಾರೆ. ಹಿಂದಿನ ಮಳೆಗಳಲ್ಲಿ ನೀರು ಎಲ್ಲಿಯವರೆಗೆ ಏರಿತ್ತೋ ಅಲ್ಲೊಂದು ಕಂದು ಗೆರೆ ಉಳಿದಿರುತ್ತದೆ. ಹೊಸದಾಗಿ ಬಣ್ಣ ಬಳಿದಿದ್ದರೆ ಅನುಮಾನ ಇನ್ನೂ ಜಾಸ್ತಿ. ಹಳೇ ಮದರಾಸಿನ ಮನೆಗಳಿಗೆ ಮೆಟ್ಟಿಲು ಹತ್ತಿ, ಜಗಲಿ ದಾಟಿ ಒಳಗೆ ಹೋಗಬೇಕಿತ್ತು. ಮಳೆನೀರು ಜಗಲಿಯವರೆಗೆ ಬಂದು, ದೂರದ ನೆಂಟರ ಹಾಗೆ ಸ್ವಲ್ಪ ಹೊತ್ತಿದ್ದು ಹೋಗುತ್ತಿತ್ತು. ಜಗಲಿಯಿರಬೇಕಾದಲ್ಲಿ ನಾವು ಕಾರು ನಿಲ್ಲಿಸಿದೆವು. ಈಗ ನೀರು ನೇರ ಹಾಲಿಗೇ ಬರುತ್ತದೆ.

ನಮ್ಮದು ನೆಲಮಹಡಿ. ದೊಡ್ಡ ಮಳೆ ಹಿಡಿದಾಗಲೆಲ್ಲ ನಡೆಯಲಾಗದ ನಮ್ಮತ್ತೆಯವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾಲ್ವರು ಎತ್ತಿಕೊಂಡು ಮೇಲಿನ ಮನೆಗೆ ಸಾಗಿಸುತ್ತೇವೆ. ಮೆಟ್ಟಿಲುದ್ದಕ್ಕೂ ಅವರು ಕಣ್ಣು ಮುಚ್ಚಿಕೊಂಡಿರುತ್ತಾರೆ. ಹೆದರಿಕೆಗಲ್ಲ, ನಾಚಿಕೆಗೆ. ಮೈತ್ರಿ ಅದನ್ನು ನೋಡುತ್ತಲೇ ಬೆಳೆದಳು. ಆರ್ಕಿಟೆಕ್ಚರ್ ಯಾಕೆ ಎಂದು ಯಾರೇ ಕೇಳಲಿ, "ಮಳೆ ಬಂದ್ರೂ ಅಜ್ಜಿ ಕೂತಲ್ಲೇ ಕೂತಿರೋ ಮನೆ ಕಟ್ಬೇಕು" ಅನ್ನುತ್ತಾಳೆ. ಸಂದರ್ಶನಕ್ಕೆಂದು ಬಾಯಿಪಾಠ ಮಾಡಿದ ಉತ್ತರ ಎಂದುಕೊಂಡಿದ್ದೆ.

ಮೊದಲನೆಯ ಕಾಲೇಜು ತುಂಬ ಗಾಜು, ಎದುರಿಗೊಂದು ಕಾರಂಜಿ. ಗೇಟಿನಲ್ಲೇ ನನ್ನ ಆಯ್ಕೆ ಮುಗಿದಿತ್ತು. ನಮಗೆ ಕ್ಯಾಂಪಸ್ ತೋರಿಸುತ್ತಿದ್ದ ಹುಡುಗಿ ಕೆಲಸ ಸಿಕ್ಕವರ ಫೋಟೋಗಳನ್ನು ವಿವರಿಸುತ್ತಿದ್ದರೆ, ನನ್ನ ಮಗಳು ಕಂಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಗೋಡೆ ಸವರುತ್ತಿದ್ದಳು. ಇಲ್ಲಿ ನೀರು ಎಷ್ಟು ಎತ್ತರ ಬರುತ್ತದೆ ಎಂದು ಆ ಹುಡುಗಿಯನ್ನು ತಮಿಳಿನಲ್ಲಿ ಕೇಳಿಯೇಬಿಟ್ಟಳು. ಬರುವುದೇ ಇಲ್ಲ ಎಂದು ಇಂಗ್ಲಿಷಿನಲ್ಲಿ ಉತ್ತರ ಬಂತು. ಹೊಸ ಬಣ್ಣದಡಿಯಲ್ಲಿ ಮೊಣಕಾಲೆತ್ತರಕ್ಕೆ ಗೆರೆ ನನಗೂ ಕಾಣಿಸಿತು. ಆದರೆ ಕಾರಂಜಿ ಬಹಳ ಚೆನ್ನಾಗಿತ್ತು.

ಎರಡನೆಯದು ಹಳೇ ಕಟ್ಟಡ. ಹುಡುಗರು ಕೂತು ನಕ್ಷೆ ಬರೆಯುವ ಹಾಲಿನ ನಡುವೆ ಒಂದು ನೀಲಿ ಬಕೆಟ್ಟು, ಅದರೊಳಕ್ಕೆ ಸೂರಿನಿಂದ ತೊಟ್ಟಿಕ್ಕುವ ನೀರು. ತಮ್ಮ ಸೂರನ್ನೇ ರಿಪೇರಿ ಮಾಡಿಕೊಳ್ಳದವರು ಊರಿಗೇನು ಕಲಿಸುತ್ತಾರೆ ಎಂದು ನಾನು ಮೂಗು ಮುರಿದೆ. ಅಲ್ಲಿದ್ದ ಮೇಡಂ ನನ್ನನ್ನು ಗಮನಿಸಲೇ ಇಲ್ಲ. ಏನು ಕಟ್ಟಬೇಕೆಂದಿದ್ದೀಯ ಎಂದು ಮಗಳನ್ನು ಕೇಳಿದರು. ಅವಳು ಕುರ್ಚಿಯ ಕಥೆ ಹೇಳಿದಳು. ಅವರು ನಗಲಿಲ್ಲ, ಅಯ್ಯೋ ಪಾಪ ಎನ್ನಲೂ ಇಲ್ಲ. ನಿಮ್ಮ ಮೆಟ್ಟಿಲು ಎಷ್ಟು ಅಗಲ, ತಿರುವಿನಲ್ಲಿ ಕುರ್ಚಿ ಹೇಗೆ ತಿರುಗಿಸುತ್ತೀರಿ, ಎತ್ತುವವರ ಕೈ ಎಲ್ಲಿರುತ್ತದೆ ಎಂದೆಲ್ಲ ಕೇಳಿದರು. ಮನೆಯಲ್ಲಿ ಒಂದು ಮಾತಿಗೆ ಒಂದು ಹ್ಞೂಂ ಅನ್ನುವ ಹುಡುಗಿ ಕೈಯಾಡಿಸಿಕೊಂಡು ಮಾತಾಡುತ್ತಲೇ ಹೋದಳು.

ಆದರೂ ಸುಮ್ಮನೆ ಸೋಲುವವಳೇ ನಾನು? ವಾಪಸು ಬರುವಾಗ ರೈಲಿನಲ್ಲಿ ಕಾರಂಜಿಯ ಪರವಾಗಿ ವಾದಿಸಿದೆ. "ಬಕೆಟ್ ಇಟ್ಕೊಂಡಿರೋ ಕಾಲೇಜಿಗೆ ಹೋಗ್ತೀಯೇನೇ?"

"ಬಕೆಟ್ ಹಿಂದೆ ಗೋಡೇಲಿ ನೋಡಿಲ್ವಾ ಮಾ? ಅದೇ ರೂಫ್‌ನ ಅಳೆದು ಡ್ರಾಯಿಂಗ್ ಹಾಕಿದ್ರು. ತಣ್ಣಿ ಎಲ್ಲಿಂದ ಬರ್ತಿದೆ ಅಂತ ಕಂಡುಹಿಡೀತಿದಾರೆ. ಆ ಕಾರಂಜಿ ಕಾಲೇಜಲ್ಲಿ ತಣ್ಣೀನೇ ಬರಲ್ಲ ಅಂತ ಪೇಂಟ್ ಹೊಡೆದಿದಾರೆ." ನನ್ನ ಮಗಳ ಕನ್ನಡದಲ್ಲಿ ನೀರು ಯಾವತ್ತೂ ತಣ್ಣಿಯೇ.

ಬಕೆಟ್ಟಿನ ಕಾಲೇಜೇ ಗೆದ್ದಿತು. ಸುದ್ದಿ ಕೇಳಿ ಅತ್ತೆ, "ಎಷ್ಟು ವರ್ಷದ ಓದಮ್ಮ?" ಅಂದರು. ಐದು ಎಂದಳು ಮೈತ್ರಿ. "ಹಾಗಾದ್ರೆ ಇನ್ನೂ ಐದು ಮಳೆಗಾಲ ಆ ಕುರ್ಚಿ ತಡೀಬೇಕಲ್ಲ. ಒಂದು ಗಟ್ಟಿಯಾದ್ದು ನೋಡ್ಕೊಂಡ್ ಬನ್ನಿ."

ಪಲ್ಲಾವರಂ ಸಂತೆಯಲ್ಲಿ ಹಳೇ ಕುರ್ಚಿಗಳ ರಾಶಿಯ ಮುಂದೆ ನಾನು ಕಣ್ಣುಹಾಯಿಸಿದ್ದೇ ತಡ, ಮೆತ್ತೆಯಿದ್ದ ಒಂದನ್ನು ಆರಿಸಿದೆ. ಮೈತ್ರಿ ಅದನ್ನು ಮಗುಚಿ ನೋಡಿ ಪಕ್ಕಕ್ಕಿಟ್ಟಳು. "ಕೂತ್ಕೊಳೋಕೆ ಚೆನ್ನಾಗಿದೆಮ್ಮಾ. ಎತ್ತೋರು ಎಲ್ಲಿ ಹಿಡ್ಕೊಳೋದು?" ಕೊನೆಗೆ ಅವಳು ಹುಡುಕಿದ್ದು ತೇಗದ್ದು, ಎತ್ತರದ ಬೆನ್ನಿನದು, ಕೆಳಗೆ ನಾಲ್ಕೂ ಕಡೆ ಅಡ್ಡಪಟ್ಟಿಯಿದ್ದದ್ದು.

ಅವತ್ತು ಸಂಜೆಯೇ ಪರೀಕ್ಷೆ ನಡೆಯಿತು. ಆಕಾಶದಲ್ಲಿ ಒಂದು ಮೋಡವಿಲ್ಲ, ನಾವು ನಾಲ್ವರು ಅತ್ತೆಯವರನ್ನು ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದೇವೆ. ತಿರುವಿನಲ್ಲಿ ನಾನು ಮುಖವೆತ್ತಿ ನೋಡಿದೆ. ಅತ್ತೆ ಕಣ್ಣು ಮುಚ್ಚಿರಲಿಲ್ಲ. ಮದುವಣಗಿತ್ತಿಯ ಹಾಗೆ ನೆಟ್ಟಗೆ ಕೂತು, "ಇವಳೇ, ನಿನ್ನ ಕಡೆ ತಗ್ಗಾಯ್ತು, ಸ್ವಲ್ಪ ಮೇಲೆತ್ತು" ಎಂದು ನನಗೇ ಹೇಳುತ್ತಿದ್ದರು.