ತಿಪ್ಪಮ್ಮ ಅಳೆದುಕೊಟ್ಟ ತಂಬಿಗೆ

ಆಗ ನನಗೆ ಅರವತ್ತೇಳು. ಈಗ್ಗೆ ಐದು ವರ್ಷದ ಹಿಂದಿನ ಮಾತು. ನನ್ನ ಸೊಸೆ ಸುಮಳ ತಾಯಿ ತಿಪ್ಪಮ್ಮ ಜಗಳೂರು ಕಡೆಯ ತನ್ನ ಊರಿನಿಂದ ನ್ಯಾಮತಿಯ ನಮ್ಮ ಮನೆಗೆ ಬಂದವಳು, ಕೈಚೀಲ ಕೆಳಗಿಡುವ ಮೊದಲೇ, ನನ್ನ ಮಂಚದ ಪಕ್ಕದಲ್ಲಿದ್ದ ತುಂಬಿದ ತಂಬಿಗೆಯನ್ನು ಎತ್ತಿಕೊಂಡು ಹೋಗಿ ಹಿತ್ತಲಿನ ಕರಿಬೇವಿನ ಗಿಡಕ್ಕೆ ಸುರಿದಳು. ಹೇಗಿದ್ದೀರಿ ಅಂತ ಕೇಳಲಿಲ್ಲ. ಖಾಲಿ ತಂಬಿಗೆ ತಂದು ಬೋರಲು ಹಾಕಿ, "ಇನ್ನು ಇದು ನನ್ನ ಕೈಯಾಗೆ ಇರ್ತೈತೆ" ಅಂದಳು.

ತೆಳ್ಳಗಿನ, ಎತ್ತರದ ಹೆಂಗಸು. ಓಲೆಯ ಭಾರಕ್ಕೆ ಕಿವಿ ಜೋತು ಬಿದ್ದಿದ್ದವು. ಕೂತರೆ ಒಂದು ಮಂಡಿ ಮೇಲೆತ್ತಿಯೇ ಕೂರುವಳು, ಯಾವ ಗಳಿಗೆಗಾದರೂ ಏಳಬೇಕಾದೀತು ಅನ್ನುವ ಹಾಗೆ. ಪಕ್ಕದಲ್ಲಿದ್ದವರಿಗೂ ಎರಡು ಹೊಲದಾಚೆ ಇದ್ದವರಿಗೆ ಕೂಗುವ ದನಿಯಲ್ಲೇ ಮಾತಾಡುವಳು.

ಅವಳನ್ನು ಕರೆಸಿದ್ದಕ್ಕೆ ಕಾರಣವಿತ್ತು. ಸಕ್ಕರೆ ಕಾಯಿಲೆ ನನ್ನ ಕಿಡ್ನಿ ಎರಡನ್ನೂ ತಿಂದು ಹಾಕಿತ್ತು. ವಾರಕ್ಕೆ ಎರಡು ಸಲ ಹೊನ್ನಾಳಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಕುಡಿದ ನೀರು ಹೊರಗೆ ಹೋಗುವುದಿಲ್ಲ, ಮೈಯಲ್ಲೇ ನಿಲ್ಲುತ್ತದೆ, ಮಿಷನ್ನೇ ತೆಗೆಯಬೇಕು. ಅದಕ್ಕೇ ನೀರು ಕಡಿಮೆ ಕುಡಿಯಿರಿ ಅಂದಿದ್ದರು. ನಾನು ಹುಟ್ಟಿದ್ದು ಹೊನ್ನಾಳಿ ತಾಲ್ಲೂಕಿನ ಹೊಳೆ ದಂಡೆಯ ಊರಲ್ಲಿ. ನೀರನ್ನು ಅಳೆದು ಕುಡಿಯುತ್ತಾರೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಆದರೂ ನೀರು ಬಿಟ್ಟೆ. ಅಂಬಲಿ ಕುಡಿದೆ. ಅಂಬಲಿ ಊಟ ತಾನೆ? ಮಜ್ಜಿಗೆಯೂ ಊಟವೇ. ಕಲ್ಲಂಗಡಿ ಹಣ್ಣು. ಹೀಗೆ ನನ್ನ ಲೆಕ್ಕದಲ್ಲಿ ನಾನು ನೀರೇ ಕುಡಿಯದೆ ಒಂದು ಮಧ್ಯಾಹ್ನ ಕಾಲು ಬಾತು, ಮಲಗಿದರೆ ಉಸಿರು ಸಿಗದೆ, ಗೋಡೆ ಹಿಡಿದು ಕೂತುಬಿಟ್ಟೆ. ಆಟೋದಲ್ಲಿ ಹೊತ್ತುಕೊಂಡು ಹೋದರು. ಉಳಿದೆ. ಡಾಕ್ಟರು ನನಗಲ್ಲ, ಸುಮಳಿಗೆ ಹೇಳಿದರು: "ನೀರು ಶ್ವಾಸಕೋಶಕ್ಕೆ ನುಗ್ಗೈತಮ್ಮ. ಇನ್ನೊಂದು ಸಲ ಹಿಂಗಾದ್ರೆ ಉಳಿಸಾಕೆ ಆಗ್ತೈತೋ ಇಲ್ಲೋ."

ಸುಮ ಅಂಗನವಾಡಿಗೆ ಹೋಗುವವಳು, ಮಗನಿಗೆ ಮೋಟಾರು ರಿಪೇರಿ ಅಂಗಡಿ. ಹಗಲೆಲ್ಲ ನನ್ನನ್ನು ಕಾಯುವವರಿಲ್ಲ. ಅದಕ್ಕೇ ತಾಯಿಗೆ ಫೋನು ಮಾಡಿದ್ದಳು.

ನನಗೂ ತಿಪ್ಪಮ್ಮನಿಗೂ ಮೊದಲಿಂದ ಆಗುತ್ತಿರಲಿಲ್ಲ. ಮಗನಿಗೆ ಹೆಣ್ಣು ನೋಡಲು ಅವರ ಊರಿಗೆ ಹೋದಾಗ ತಂಬಿಗೆಯಲ್ಲಿ ನೀರು ಕೊಟ್ಟರು. ಬೋರಿನ ನೀರು, ಉಪ್ಪುಪ್ಪು. ಒಂದು ಬಾಯಿ ಕುಡಿದು ಜಗಲಿಯಾಚೆ ಉಗುಳಿದೆ. ಬಾಯಿಗೆ ಸೇರದ್ದನ್ನು ಉಗುಳದೆ ಏನು ಮಾಡುತ್ತಾರೆ? ಅವಳು ನೋಡಿದಳು. ಹೆಣ್ಣು ಕೊಟ್ಟಳು, ಆದರೆ ಅದನ್ನು ಮಾತ್ರ ಬಿಡಲಿಲ್ಲ. ನಮ್ಮೂರ ನೀರು ಉಗುಳಿದಾಕೆ ಅಂತಲೇ ನೆಂಟರ ಮುಂದೆಲ್ಲ ನನ್ನ ಹೆಸರು.

ಬಂದ ಮಾರನೆಯ ದಿನ ಒಂದು ಚಿಕ್ಕ ಸ್ಟೀಲ್ ತಂಬಿಗೆ ಹುಡುಕಿದಳು. ಡಾಕ್ಟರು ನನಗೆ ಹೇಳಿದ ಅಳತೆಯನ್ನು ಸುಮಳ ಕೈಯಲ್ಲಿ ಅದಕ್ಕೆ ಹೊಯ್ಯಿಸಿ, ಎಲ್ಲಿಗೆ ಬಂತೋ ಅಲ್ಲಿ ಮೊಳೆಯಿಂದ ಗೀರಿದಳು. ದಿನಕ್ಕೆ ಅಷ್ಟೇ. ಚಹ ಅದರಲ್ಲೇ, ಸಾರು ಮಜ್ಜಿಗೆ ಹಾಕಿಸಿಕೊಂಡರೆ ಅಷ್ಟು ನೀರು ಅದರಿಂದ ಹೊರಗೆ, ಮಾತ್ರೆ ನುಂಗುವುದೂ ಅದರಲ್ಲೇ. ಉಪ್ಪಿನಕಾಯಿ ಜಾಡಿ, ಹಪ್ಪಳದ ಡಬ್ಬ ಪಕ್ಕದ ಮನೆಗೆ ಹೋದವು.

"ಗಂಟ್ಲು ಒಣಗ್ತೈತಲ್ಲೇ" ಅಂದೆ.

"ಬಾಯಾಗೆ ನೀರು ಹಾಕ್ಕೊಳ್ರಿ."

ಹಾಕಿಕೊಂಡೆ.

"ಮುಕ್ಕಳಿಸ್ರಿ. ಈಗ ಉಗುಳ್ರಿ. ಉಗುಳಾದು ನಿಮಗೇನು ಹೊಸದಾ? ನಮ್ಮ ಜಗಲಿ ಮ್ಯಾಲೆ ಕಲ್ತೀರಲ್ಲ."

ಉಗುಳಿದೆ. ಬಾಯಾರಿಕೆ ಸ್ವಲ್ಪ ಹೊತ್ತು ತಡೆಯಿತು. "ಬಾಯಿ ಕೇಳಾದು ಹಸಿ ಅಷ್ಟೇ, ರುದ್ರಕ್ಕ. ಕೊಡದ ತುಂಬ ಕೇಳಾದು ಆಸೆ" ಅಂದಳು. ಒಂದು ಲವಂಗ ಕೊಟ್ಟು ದವಡೆಗೆ ಇಟ್ಟುಕೊಳ್ಳಿ ಅಂದಳು. ಬಿಸಿಲೇರಿದ ಮೇಲೆ ಕತ್ತಿಗೆ ಒದ್ದೆ ಬಟ್ಟೆ. ವಾರದೊಳಗೆ ರೀ ಬಿಟ್ಟು ನೀನು ಅನ್ನತೊಡಗಿದಳು. ಅಷ್ಟು ಬೈದ ಮೇಲೆ ಮರ್ಯಾದೆ ಎಲ್ಲಿ ನಿಲ್ಲುತ್ತದೆ.

ನಾನೂ ಸುಮ್ಮನೆ ಇರಲಿಲ್ಲ. ಬಚ್ಚಲಿಗೆ ಹೋದಾಗ ತಲೆ ಮೇಲೆ ನೀರು ಹೊಯ್ದುಕೊಳ್ಳುತ್ತ ಒಂದೆರಡು ಗುಟುಕು ಇಳಿಸಿಬಿಡುತ್ತಿದ್ದೆ. ಹೊನ್ನಾಳಿಯಲ್ಲಿ ತೂಕದ ಮಿಷನ್ ಹತ್ತಿದಾಗ ಮುಳ್ಳು ಹೇಳಿಬಿಟ್ಟಿತು. ಪಕ್ಕದಲ್ಲೇ ನಿಂತಿದ್ದ ತಿಪ್ಪಮ್ಮ ಅದನ್ನು ನೋಡಿದಳು. ಮರುದಿನದಿಂದ ಬಚ್ಚಲ ಬಾಗಿಲ ಹೊರಗೆ ಮಂಡಿ ಎತ್ತಿ ಕೂತಳು.

"ಮಾತಾಡ್ತಾ ಮೈ ತೊಳ್ಕೊ."

"ಏನು ಮಾತಾಡ್ಲೇ?"

"ನನ್ನನ್ನೇ ಬಯ್ಯಿ. ನಿಂಗೆ ಅದು ಸಲೀಸು. ಮಾತಾಡೋ ಬಾಯಿ ನೀರು ಕುಡಿಯಾದಿಲ್ಲ."

ದಿನಾ ಬೈದೆ. ಅವಳ ವಂಶವನ್ನೆಲ್ಲ ಬೈದೆ. ದನಿ ಒಂಚೂರು ನಿಂತರೆ ಬಾಗಿಲು ಬಡಿಯುತ್ತಿದ್ದಳು. "ಯಾಕೆ, ಬೈಗುಳ ಮುಗಿದ್ವಾ? ನಮ್ಮ ಸೋದರಮಾವ ಇನ್ನೂ ಉಳ್ಕೊಂಡಾನೆ" ಅನ್ನುವಳು.

ನನ್ನ ತಮ್ಮನ ಹೆಂಡತಿ ಉಬ್ರಾಣಿಯಿಂದ ನೋಡಲು ಬಂದಾಗ ಒಂದು ಗೊನೆ ಎಳನೀರು ತಂದಿದ್ದಳು. ಕಿಡ್ನಿ ಹೋದವರಿಗೆ ಎಳನೀರು ಆಗದು, ಎದೆಯೇ ನಿಂತೀತು ಅಂತ ಆಸ್ಪತ್ರೆಯಲ್ಲಿ ಹೇಳಿದ್ದರು. ತಿಪ್ಪಮ್ಮ ಗೊನೆಗೆ ಅಡ್ಡ ನಿಂತಳು.

"ರೋಗಿಗೆ ಎಳನೀರು ಬ್ಯಾಡ ಅನ್ನೋರನ್ನ ಇವತ್ತೇ ನೋಡಿದ್ದು ಬಿಡ್ರಿ" ಅಂದಳು ತಮ್ಮನ ಹೆಂಡತಿ.

"ಕೊಡ್ರವ್ವ, ಯಾರು ಬ್ಯಾಡ ಅಂದ್ರು? ಹಂಗೇ ಎರಡು ಬಿದಿರೂ ತಂದಿದ್ರೆ ಚಟ್ಟಕ್ಕೆ ಆಗ್ತಿತ್ತು. ಆಟೋ ಬಾಡಿಗೆ ಒಂದೇ."

ತಮ್ಮನ ಹೆಂಡತಿ ಚಹ ಕುಡಿಯದೆ ಎದ್ದು ಹೋದಳು. ಎಳನೀರು ಬೀದಿಯ ಮಕ್ಕಳ ಪಾಲಾಯಿತು. ಒಂದನ್ನು ತಿಪ್ಪಮ್ಮ ಕುಡಿದಳು. ಅದನ್ನೂ ಹಿತ್ತಲಿಗೆ ಹೋಗಿ. ಆಗ ನನ್ನ ಗಮನಕ್ಕೆ ಬಂತು. ಬಂದಾಗಿನಿಂದ ಅವಳು ನನ್ನ ಕಣ್ಣೆದುರು ಒಂದು ತೊಟ್ಟು ನೀರು ಕುಡಿದಿರಲಿಲ್ಲ. ಬಾಯಾರಿದರೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗಿ, ಬೆನ್ನು ತಿರುಗಿಸಿ, ಸದ್ದಿಲ್ಲದೆ ಕುಡಿದು, ಸೆರಗಲ್ಲಿ ಬಾಯಿ ಒರೆಸಿಕೊಂಡು ಬರುತ್ತಿದ್ದಳು.

ಒಂದು ದಿನ ನಾನು ಸೋತೆ. ಇಷ್ಟು ಕಟ್ಟು ಹಾಕಿಕೊಂಡು ಬದುಕಿ ಏನು ಮಾಡುವುದು, ಹೊಟ್ಟೆ ತುಂಬ ನೀರು ಕುಡಿದು ಸತ್ತರಾಯಿತು ಅಂದೆ. ಅವಳು ಸಮಾಧಾನ ಮಾಡಲಿಲ್ಲ.

"ನೀವು ಹೊಳೆ ನೀರಿನೋರು. ಬಾಯಾರಿಕೆ ಬಂದ್ರೆ ಮನೇಗೆ ಕಳ್ಳ ನುಗ್ಗಿದಂಗೆ ಕೂಗ್ತೀರಿ. ನಮ್ಕಡೆ ಅದು ನೆಂಟರಿದ್ದಂಗೆ. ಬರ್ತೈತೆ, ಕೂರ್ತೈತೆ. ಮಾತಾಡ್ಸದೆ ನಿನ್ನ ಕೆಲ್ಸ ನೀನು ಮಾಡು, ಎದ್ದು ಹೋಗ್ತೈತೆ. ಏಳು, ಶೇಂಗಾಕಾಯಿ ಬಿಡಿಸು."

ಬಿಡಿಸಿದೆ. ಮೊರ ತುಂಬುವ ಹೊತ್ತಿಗೆ ಬಾಯಾರಿಕೆ ಎದ್ದು ಹೋಗಿತ್ತು. ಮತ್ತೆ ಬಂತು. ಮತ್ತೆ ಏನೋ ಒಂದು ಕೆಲಸ ಹಿಡಿದೆ. ನಾನು ಬದುಕಿದ್ದು ಹಾಗೆ.

ಬೇಸಿಗೆ ಕಳೆದು ತೂಕದ ಮುಳ್ಳು ಹೇಳಿದ ಮಾತು ಕೇಳತೊಡಗಿದ ಮೇಲೆ ತನ್ನೂರಿಗೆ ಹೊರಟಳು. ಬಾಗಿಲಲ್ಲಿ ಗೀರು ಹಾಕಿದ ತಂಬಿಗೆಯನ್ನು ನನ್ನ ಕೈಗೆ ಕೊಟ್ಟು, "ಇನ್ನು ನಿನ್ನ ಕೈಯಾಗೆ ಇರ್ಲಿ" ಅಂದಳು. ಅಲ್ಲಿಂದ ದಿನಾ ಫೋನು. ಹಲೋ ಗಿಲೋ ಇಲ್ಲ. "ಉಗುಳಿದ್ಯಾ?" ಅನ್ನುವಳು. ಉಗುಳಿದೆ ಅನ್ನುವೆ. ಇಟ್ಟುಬಿಡುವಳು.

ಸಾಯಬೇಕಾದವಳು ನಾನು. ಹೋದ ಬೇಸಿಗೆಯಲ್ಲಿ ಲಕ್ವ ಹೊಡೆದು ಬಿದ್ದವಳು ಅವಳು. ಸುಮ, ನಾನು, ಮಗ ಹೋದೆವು. ದಾವಣಗೆರೆ ದಾಟುವಷ್ಟರಲ್ಲಿ ಆ ದಿನದ ನನ್ನ ನೀರು ತೀರಿತ್ತು. ಅವಳಿಗೆ ಮಾತು ಹೋಗಿತ್ತು, ಕಣ್ಣು ಅರ್ಧ ತೆರೆದಿತ್ತು. ಒಬ್ಬೊಬ್ಬರಾಗಿ ಬಾಯಿಗೆ ನೀರು ಬಿಡುತ್ತಿದ್ದರು. ಚಮಚ ನನ್ನ ಕೈಗೂ ಬಂತು. ಬಿಟ್ಟೆ. ಅರ್ಧ ಒಳಗೆ ಹೋಯಿತು, ಅರ್ಧ ತುಟಿಯಂಚಿನಲ್ಲಿ ಹೊರಗೆ ಹರಿಯಿತು. ಸೆರಗಲ್ಲಿ ಒರೆಸಿದೆ. ಮಧ್ಯಾಹ್ನಕ್ಕೆ ಹೋದಳು.

ಸಂಜೆ ಮಣ್ಣಿಗೆ ಹೋದವರು ಬಂದ ಮೇಲೆ ಅವಳ ತಂಗಿ ನನ್ನ ಮುಂದೆ ತಂಬಿಗೆ ಹಿಡಿದಳು. "ಬಿಸಿಲಾಗೆ ಬಂದೀರಿ, ಒಂದೀಟು ನೀರಾದ್ರೂ ಕುಡೀರಿ ಬೀಗ್ತಿ." ನಾಲಿಗೆ ಅಂಗುಳಕ್ಕೆ ಅಂಟಿತ್ತು. ಒಂದು ಬಾಯಿ ತುಂಬಿಕೊಂಡೆ. ಅದೇ ಜಗಲಿ, ಅದೇ ಉಪ್ಪು ನೀರು. ಮುಕ್ಕಳಿಸಿದೆ. ಉಗುಳಬೇಕಿತ್ತು. ಅವಳಿದ್ದರೂ ಅದನ್ನೇ ಹೇಳುತ್ತಿದ್ದಳು. ಅಲ್ಲಿ ಮಾತ್ರ ನನ್ನಿಂದ ಆಗಲಿಲ್ಲ. ನುಂಗಿ ತಂಬಿಗೆ ವಾಪಸು ಕೊಟ್ಟೆ.

"ಇನ್ನೊಂದೀಟು?"

"ಸಾಕು" ಅಂದೆ.

ಸುಮಳನ್ನು ಅಲ್ಲೇ ಬಿಟ್ಟು, ಕಡೆಯ ಬಸ್ಸಿಗೆ ನಾನೂ ಮಗನೂ ನ್ಯಾಮತಿಗೆ ಬಂದೆವು. ಮಾರನೆಯ ದಿನ ನನ್ನ ಡಯಾಲಿಸಿಸ್ಸಿನ ಸರದಿ ಇತ್ತು.

ಬೆಳಿಗ್ಗೆ ಎದ್ದು ಗೀರಿನ ತನಕ ತಂಬಿಗೆ ತುಂಬಿದೆ. ಹಿತ್ತಲಿಗೆ ಹೋಗಿ, ಹಿಂದಿನ ದಿನ ನುಂಗಿದ್ದಕ್ಕೆ ಬದಲು, ಅದರಿಂದ ಒಂದು ಗುಟುಕನ್ನು ಕರಿಬೇವಿನ ಗಿಡಕ್ಕೆ ಸುರಿದೆ. ಉಳಿದದ್ದನ್ನು ಬಾಟಲಿಗೆ ಹೊಯ್ದುಕೊಂಡು ಹೊನ್ನಾಳಿ ಬಸ್ಸು ಹತ್ತಿದೆ.