ಅಕ್ಕ ಕೊಡದ ವೀಳ್ಯ

ಅಕ್ಕನಿಗೆ ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗಲಿಲ್ಲ. ಅವಳ ಗಂಡನಿಗೇ ನನ್ನನ್ನೂ ಕೊಡುವುದೆಂದು ಹನೂರಿನ ನಮ್ಮ ಮನೆಯಲ್ಲಿ ತೀರ್ಮಾನವಾಯಿತು. ಕೊಳ್ಳೇಗಾಲ ಇನ್ನೂ ಮದರಾಸಿಗೆ ಸೇರಿದ್ದ ಕಾಲ. ಇದೆಲ್ಲ ಯಾರಿಗೂ ದೊಡ್ಡ ವಿಷಯವಾಗಿರಲಿಲ್ಲ. ನನ್ನನ್ನು ಯಾರು ಕೇಳುತ್ತಾರೆ? ಅಕ್ಕನನ್ನು ಮಾತ್ರ ಕೇಳಲೇಬೇಕಿತ್ತು. ಅವಳು ಕೈಯಾರೆ ನನಗೆ ವೀಳ್ಯ ಕೊಟ್ಟರಷ್ಟೇ ಸಂಬಂಧ ಗಟ್ಟಿ.

ನಿಜ ಹೇಳಬೇಕೆಂದರೆ ನನಗೇನೂ ಬೇಸರವಿರಲಿಲ್ಲ. ಭಾವ ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವವರು. ಕುಡಿತವಿಲ್ಲ, ಬೈಗುಳವಿಲ್ಲ. ದೊಡ್ಡ ಅಂಚಿನ ಸೀರೆಗೆ ಒಂದೇ ಮಗ್ಗದಲ್ಲಿ ಇಬ್ಬರು ಕೂರಬೇಕು. ಒಬ್ಬರು ಒಡಲು ನೇಯ್ದರೆ ಇನ್ನೊಬ್ಬರು ಅಂಚಿನ ಲಾಳಿ ಎಸೆಯುವವರು. ಬೇರೆ ಮನೆಗಳಲ್ಲಿ ಆ ಜಾಗಕ್ಕೆ ಹೆಂಡತಿ ಕೂರುತ್ತಿದ್ದಳು. ಭಾವನ ಪಕ್ಕ ಯಳಂದೂರಿನ ಸ್ನೇಹಿತ ಕೂರುತ್ತಿದ್ದ. ಅವನಿಗೂ ಊರಲ್ಲೊಬ್ಬಳು ಹೆಂಡತಿ. ಹಬ್ಬಕ್ಕೆ ಹೋಗಿ ಮುಖ ತೋರಿಸಿ ಬರುತ್ತಿದ್ದ. ಎಂಥ ಸ್ನೇಹ ಎಂದು ಕೇರಿಯೆಲ್ಲ ಹೊಗಳುತ್ತಿತ್ತು.

ವೀಳ್ಯದ ದಿನ ಎಲ್ಲರೂ ಕೊಳ್ಳೇಗಾಲದ ಭಾವನ ಮನೆಯಲ್ಲಿ ಸೇರಿದ್ದೆವು. ಬೆಳಿಗ್ಗೆ ಅಕ್ಕ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು.

"ಬ್ಯಾಡ ಅನ್ನು ಕೂಸೆ."

"ನಿಂಗೆ ಒಟ್ಟೆಕಿಚ್ಚಾ ಅಕ್ಕ?"

"ನನ್ನ ಒಂದಿನಾನೂ ಮುಟ್ನಿಲ್ಲ ಕಣೆ ಅವ್ರು. ನಿನ್ನೂ ಮುಟ್ಟಲ್ಲ. ಅವ್ರ ಸಂಸಾರ ಎಲ್ಲಾ ಆ ಯಳಂದೂರವ್ರ ಜೊತೇಲೇ. ಇಬ್ರೂ ನನ್ನ ಕಾಲಿಡ್ಕಂಡು ಅತ್ತವ್ರೆ. ಊರ್ಗೆ ಗೊತ್ತಾದ್ರೆ ಜೀವಂತ ಬುಡಾಕಿಲ್ಲ."

ಗಂಡಸಿಗೆ ಗಂಡಸು ಎನ್ನುವ ಮಾತನ್ನೇ ನಾನು ಕೇಳಿರಲಿಲ್ಲ. ಆದರೆ ಹೆಚ್ಚು ದಿಗಿಲಾದದ್ದು ಅಕ್ಕನನ್ನು ನೋಡಿ. ಮಗುವಾಗಲೆಂದು ಭಾವನ ತಾಯಿ, ಅತ್ತೆ, ಇವಳನ್ನು ಉಪವಾಸ ಕೆಡವಿದ್ದರು, ಬರಿಗಾಲಲ್ಲಿ ಮಾದಪ್ಪನ ಬೆಟ್ಟ ಹತ್ತಿಸಿದ್ದರು. ಎಲ್ಲ ತಿಳಿದೂ ಇವಳು ಹತ್ತಿದ್ದಳು. ಭಾವನ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಅವರ ಭಯ ನೆನೆದರೆ ಅಯ್ಯೋ ಎಂದೂ ಅನ್ನಿಸಿತು.

ಒಳಗೆ ಬಂದು ಬೇಡ ಎಂದೆ. ಅಪ್ಪ ಕೆನ್ನೆಗೆ ಹೊಡೆದರು. ಅತ್ತೆ ವೀಳ್ಯದ ತಟ್ಟೆಯನ್ನು ಅಕ್ಕನ ಕೈಗಿಟ್ಟರು. ಅಕ್ಕ ಅದನ್ನು ಬೀಸಿ ಅಂಗಳಕ್ಕೆಸೆದಳು.

"ನನ್ನ ಗಂಡನ್ನ ಯಾರ್ಗೂ ಬುಟ್ಕೊಡಾಕಿಲ್ಲ," ಎಂದಳು.

ಅತ್ತೆ ಉಗಿದರು. ಹೆತ್ತ ಅಮ್ಮನೂ ಉಗಿದಳು. ಮಗ್ಗದ ಕೋಣೆಯ ಬಾಗಿಲಲ್ಲಿ ಭಾವ ಮತ್ತು ಆ ಸ್ನೇಹಿತ ತಲೆ ತಗ್ಗಿಸಿ ನಿಂತಿದ್ದರು. ಇಬ್ಬರೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ.

ಮಾರನೆಯ ವರ್ಷ ನನ್ನನ್ನು ಸತ್ತೇಗಾಲದ ಹುಡುಗನಿಗೆ ಮದುವೆ ಮಾಡಿಕೊಟ್ಟರು. ಮಗನೂ ಹುಟ್ಟಿದ. ಅವನ ನಾಮಕರಣಕ್ಕೆ ಅಮ್ಮ ಅಕ್ಕನನ್ನು ಕರೆಯಲಿಲ್ಲ, ಬಂಜೆಯ ಕಣ್ಣು ಮಗುವಿಗೆ ತಾಕುತ್ತದಂತೆ.